ಹೆಸರು ಹೊಲಿದ ಕೌದಿ

ಚರಿತ್ರೆಯನ್ನು ಬರೆಯುವವರು ಕಲ್ಲನ್ನು ಓದುತ್ತಾರೆ, ತಾಮ್ರಪಟವನ್ನು ಓದುತ್ತಾರೆ, ಕಡತಗಳನ್ನು ಓದುತ್ತಾರೆ. ಹೊದಿಕೆಯನ್ನು ಓದುವವರು ವಿರಳ. ಆದರೆ ಅಮೆರಿಕದ ಸಣ್ಣ ಹಳ್ಳಿಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ, ಚರ್ಚಿನ ಹೆಂಗಸರು ಕೂಡಿ ಹೊಲಿದ ಕೌದಿಗಳು ಓದುವುದಕ್ಕೆಂದೇ ಆದವು. ಅವುಗಳ ಮೈತುಂಬ ಹೆಸರುಗಳು.

ಆ ಕೌದಿಗಳು ಹುಟ್ಟಿದ್ದು ಕಲೆಯ ಹಂಬಲದಿಂದಲ್ಲ, ಹಣದ ಅಭಾವದಿಂದ. ಚರ್ಚಿನ ಮಾಡು ಸೋರುತ್ತಿತ್ತು. ಪಾದ್ರಿಗಳ ಸಂಬಳ ಬಾಕಿ ಬಿದ್ದಿತ್ತು. ಇಲ್ಲವೆ ಚಳಿಗಾಲಕ್ಕೆ ಒಂದು ಒಲೆ ಬೇಕಾಗಿತ್ತು. ಆಗ ‘ಲೇಡೀಸ್ ಏಡ್ ಸೊಸೈಟಿ’ ಎಂಬಂಥ ಹೆಸರಿನ ಮಹಿಳಾ ಸಂಘದವರು ಮನೆಮನೆಗೆ ಹೋಗುತ್ತಿದ್ದರು. ಹತ್ತು ಸೆಂಟು ಕೊಟ್ಟವರ ಹೆಸರನ್ನು ಬಿಳಿಯ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಕಸೂತಿ ಮಾಡುವರು. ಒಗೆದರೂ ಬಣ್ಣ ಬಿಡದ ‘ಟರ್ಕಿ ಕೆಂಪು’ ದಾರ ಇದಕ್ಕೆ ಬಹಳ ಒಗ್ಗಿತ್ತು. ಎಷ್ಟೋ ಕೌದಿಗಳಲ್ಲಿ ಹೆಸರುಗಳು ಗಾಲಿಯ ಅರಗಳಂತೆ ಹರಡಿವೆ. ನಡುವಿನ ಗುಂಬದ ಸ್ಥಾನಕ್ಕೆ ಬೆಲೆ ಹೆಚ್ಚು. ಎಲ್ಲ ತುಂಡುಗಳನ್ನೂ ಜೋಡಿಸಿ, ಅಸ್ತರು ಕೊಟ್ಟು ಹೊಲಿದ ಮೇಲೆ ಕೌದಿಯನ್ನು ಹರಾಜು ಹಾಕುವರು, ಇಲ್ಲವೆ ಪಾದ್ರಿಗಳಿಗೆ ಕಾಣಿಕೆಯಾಗಿ ಕೊಡುವರು. ಹರಾಜಾದರೆ ಒಂದೇ ಬಟ್ಟೆ ಎರಡು ಬಾರಿ ದುಡಿದಂತಾಯಿತು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಮಾತು ಅವರಿಗೆ ತಿಳಿದಿರಲಿಲ್ಲ. ಅದರ ಲೆಕ್ಕ ಮಾತ್ರ ಚೆನ್ನಾಗಿ ತಿಳಿದಿತ್ತು.

ಸೂಜಿಯಿಂದ ಸಾರ್ವಜನಿಕ ಕಾರ್ಯಕ್ಕೆ ಹಣ ಕೂಡಿಸುವ ಪದ್ಧತಿ ಅದಕ್ಕಿಂತ ಹಳೆಯದು. 1836ರಲ್ಲಿ ಬಾಸ್ಟನ್ ನಗರದ ಮಹಿಳೆಯರು ಗುಲಾಮಗಿರಿಯ ವಿರುದ್ಧ ನಡೆಸಿದ ಮಾರಾಟ ಮೇಳದಲ್ಲಿ ಒಂದು ತೊಟ್ಟಿಲ ಕೌದಿ ಇತ್ತು. ಮಗುವನ್ನು ಕಳೆದುಕೊಳ್ಳುವ ಗುಲಾಮ ತಾಯಿಯನ್ನು ನೆನೆಯಿರೆಂದು ಉಳಿದ ತಾಯಂದಿರಿಗೆ ಹೇಳುವ ಪದ್ಯವೊಂದನ್ನು ಅದರ ನಡುವೆ ಶಾಯಿಯಲ್ಲಿ ಬರೆದಿದ್ದರು. 1917ರ ಡಿಸೆಂಬರಿನಲ್ಲಿ, ಮಹಾಯುದ್ಧದ ನಡುವೆ, ‘ಮಾಡರ್ನ್ ಪ್ರಿಸಿಲ್ಲಾ’ ಎಂಬ ಪತ್ರಿಕೆ ರೆಡ್ ಕ್ರಾಸಿಗಾಗಿ ಒಂದು ಕೌದಿಯಿಂದ ಸಾವಿರ ಡಾಲರು ಕೂಡಿಸುವ ಬಗೆಯನ್ನು ನಕ್ಷೆಸಹಿತ ತಿಳಿಸಿತು. 1920ರಲ್ಲಿ ಸಂವಿಧಾನದ ತಿದ್ದುಪಡಿಯಾಗುವವರೆಗೆ ಆ ದೇಶದ ಅನೇಕ ರಾಜ್ಯಗಳಲ್ಲಿ ಹೆಂಗಸರಿಗೆ ಪೂರ್ಣ ಮತಾಧಿಕಾರವಿರಲಿಲ್ಲ. ಮತಪತ್ರ ಮುಟ್ಟದ ಕೈ ಊರಿನ ಬೊಕ್ಕಸವನ್ನು ತುಂಬುತ್ತಿತ್ತು.

ಈಗ ಇಂಥದೊಂದು ಕೌದಿ ಹಳೆಯ ಪೆಟ್ಟಿಗೆಯಲ್ಲಿ ದೊರೆಯಿತೆನ್ನೋಣ. ಊರಿನ ಹೆಸರಿಲ್ಲ, ವರ್ಷವಿಲ್ಲ. ಒಂದು ಹೆಸರಿನ ಮನುಷ್ಯ ಎಲ್ಲಿಯಾದರೂ ಇರಬಹುದು. ಇಪ್ಪತ್ತು ಹೆಸರುಗಳು ಒಟ್ಟಿಗೆ ಇರುವುದು ಒಂದೇ ಊರಿನಲ್ಲಿ. ಜನಗಣತಿಯ ಹಾಳೆ, ಚರ್ಚಿನ ದಫ್ತರ, ಗೋರಿಯ ಕಲ್ಲು, ಇವುಗಳಲ್ಲಿ ಆ ಗುಂಪನ್ನು ಹುಡುಕಬೇಕು. ವರ್ಷವನ್ನೂ ಹೀಗೆಯೇ ಹಿಡಿಯಬಹುದು: ಒಬ್ಬಳು ಮದುವೆಯ ನಂತರದ ಹೆಸರಿನಿಂದ ಕಾಣಿಸಿಕೊಂಡಿದ್ದಾಳೆ, ಒಬ್ಬ ಮುದುಕ ಇನ್ನೂ ಬದುಕಿದ್ದು ಹಣ ಕೊಟ್ಟಿದ್ದಾನೆ, ಆ ಮದುವೆಗೂ ಈ ಮರಣಕ್ಕೂ ನಡುವೆ ಹೆಸರುಗಳನ್ನು ಕೂಡಿಸಿದ ಕಾಲವಿದೆ.

ಆದರೆ ಹುಡುಕುವವನ ದಾರಿಗೆ ಎರಡು ಅಡ್ಡಿಗಳು. ಮೊದಲನೆಯದು ಬೆಂಕಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು 1890ರ ಜನಗಣತಿಯ ಹಾಳೆಗಳು ಬಹುಪಾಲು ಕೆಟ್ಟವು. ಅಳಿದುಳಿದವನ್ನೂ ಮುಂದೆ ನಾಶಮಾಡಿದರು. ಎರಡನೆಯದು ಸಂಪ್ರದಾಯ. ಮದುವೆಯಾದ ಹೆಂಗಸು ಕೌದಿಯ ಮೇಲೆ ಅನೇಕ ಸಲ ‘ಮಿಸೆಸ್’ ಎಂಬುದರ ಮುಂದೆ ಗಂಡನ ಹೆಸರಾಗಿ ನಿಲ್ಲುತ್ತಾಳೆ. ಗಂಡನನ್ನು ಜನಗಣತಿಯಲ್ಲಿ ಹುಡುಕಿದರೆ ಅವನ ಹೆಸರಿನ ಕೆಳಗೆ ಇವಳ ಸ್ವಂತ ಹೆಸರು ಸಿಕ್ಕೀತು. ಆದರೆ 1880ರ ಗಣತಿಯ ನಂತರ ಮದುವೆಯಾಗಿ 1900ರ ಗಣತಿಗೆ ಮುನ್ನ ತೀರಿಕೊಂಡವಳು ಆ ಮನೆಯ ಹೆಂಡತಿಯಾಗಿ ಎರಡರಲ್ಲಿಯೂ ಇಲ್ಲ. ಅವಳ ಸಂಸಾರಕ್ಕೆ ಉಳಿದ ಸಾಕ್ಷಿ ಕೆಲವೊಮ್ಮೆ ಆ ಕೆಂಪು ದಾರವೊಂದೇ; ಅದೂ ಬೇರೆಯವನ ಹೆಸರಿನಲ್ಲಿ.

ಇಲ್ಲಿಯೇ ನನ್ನ ತಕರಾರು. ಇಂಥ ಕೌದಿಗಳನ್ನು ಗಾಜಿನ ಹಿಂದೆ ತೂಗಿಹಾಕಿ ಬಣ್ಣವನ್ನೂ ಜ್ಯಾಮಿತಿಯನ್ನೂ ಹೊಗಳುವವರು ಬಹಳ. ಹೊಗಳಲಿ, ಆದರೆ ಹೆಸರನ್ನು ಬರಿಯ ಬಳ್ಳಿಯ ಚಿತ್ತಾರವೆಂದು ನೋಡುವುದು ಕಾಗದವನ್ನು ಓದದೆ ಅಕ್ಷರದ ದುಂಡನ್ನು ಮೆಚ್ಚಿದಂತೆ. ಹೆಸರುಗಳನ್ನೇ ಪೂರ್ಣ ಸತ್ಯವೆಂದು ನಂಬುವುದೂ ಅಷ್ಟೇ ತಪ್ಪು. ಅವು ಹಣ ಕೊಟ್ಟವರ ಪಟ್ಟಿ, ಹೊಲಿದವರ ಪಟ್ಟಿಯಲ್ಲ. ಹತ್ತು ಸೆಂಟು ಇಲ್ಲದವರು ಅದರಲ್ಲಿಲ್ಲ. ನೂರು ಜನರ ಹೆಸರನ್ನು ಬಿಡಿಸಿದವಳು ತನ್ನ ಹೆಸರನ್ನು ಬರೆಯದೆ ಹೋಗಿರಬಹುದು. ಹೊಲಿಗೆಯನ್ನು ಹತ್ತಿರದಿಂದ ನೋಡಿದರೆ ಒಂದು ಕೈಗೂ ಇನ್ನೊಂದು ಕೈಗೂ ಇರುವ ಭೇದ ಕಂಡೀತು. ಹೆಸರಿಲ್ಲದವಳ ಸಹಿ ಅದೇ.

1981ರಲ್ಲಿ ಕೆಂಟಕಿ ರಾಜ್ಯದಲ್ಲಿ ಮನೆಮನೆಯ ಕೌದಿಗಳನ್ನು ತರಿಸಿ ದಾಖಲೆ ಮಾಡುವ ಕಾರ್ಯ ಮೊದಲಾಯಿತು; ಇತರ ರಾಜ್ಯಗಳೂ ಆ ದಾರಿ ಹಿಡಿದವು. ಅದು ಸರಿಯಾದ ದಾರಿ. ಕೌದಿ ವಸ್ತುಸಂಗ್ರಹಾಲಯಕ್ಕೆ ಹೋಗುವುದಾದರೆ ಹೋಗಲಿ, ಬಟ್ಟೆಗೆ ಅಲ್ಲಿ ಹುಳುವಿನ ಭಯ ಕಡಿಮೆ. ಆದರೆ ಹೆಸರುಗಳ ಪ್ರತಿಯೊಂದು ಅದು ಹುಟ್ಟಿದ ಊರಿನಲ್ಲಿ ಉಳಿಯಬೇಕು. ಊರಿನಿಂದ ಬೇರೆಯಾದ ಕೌದಿ ಮೂಕ; ಅದರ ಮಾತು ತಿಳಿಯುವ ಮುದುಕಿ ಇನ್ನೂ ಅಲ್ಲೇ ಇದ್ದಾಳು.

ಯಾವ ಮಾಡಿಗಾಗಿ ಹತ್ತು ಸೆಂಟು ಕೂಡಿಸಿದರೋ ಆ ಮಾಡು ಎಷ್ಟೋ ಕಡೆ ಬಿದ್ದುಹೋಗಿದೆ. ಹಣ ಕೂಡಿಸಲು ಹೊಲಿದ ಬಟ್ಟೆ ಉಳಿದಿದೆ. ಅದನ್ನು ಮತ್ತೆ ಮಡಿಸಿಡುವ ಮುನ್ನ ಯಾರಾದರೊಬ್ಬರು ಕುಳಿತು ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳಲಿ. ಅದಕ್ಕೆ ಒಂದು ಮಧ್ಯಾಹ್ನ ಸಾಕು. ಅವರು ಒಂದು ಚಳಿಗಾಲವನ್ನೇ ಕೊಟ್ಟಿದ್ದರು.