ಸೈಕಲ್ಲಿಗೆ ಎರಡು ಗಾಲಿ

ಕಳೆದ ವರ್ಷದ ಇಂಗ್ಲಿಷ್ ಮೌಖಿಕ ಪರೀಕ್ಷೆಯಲ್ಲಿ ನಾಲ್ವರನ್ನು ಒಟ್ಟಿಗೆ ಕರೆದು ಸೈಕಲ್ಲನ್ನು ಕುರಿತು ಮಾತಾಡಲು ಹೇಳಿದರು. ಹಾವೇರಿಯವನೊಬ್ಬ, ರಾಣೆಬೆನ್ನೂರಿನವಳೊಬ್ಬಳು, ಬ್ಯಾಡಗಿ ಕಡೆಯ ನಾನು, ಮೂವರೂ ಗೈಡಿನ ಒಂದೇ ಉತ್ತರ ಒಪ್ಪಿಸಿದೆವು: ‘ದಿ ಬೈಸಿಕಲ್ ಹ್ಯಾಜ್ ಟೂ ವ್ಹೀಲ್ಸ್.’ ಪರೀಕ್ಷಕರಿಗೆ ಇದು ಮೊದಲೇ ಗೊತ್ತಿತ್ತೆಂದು ನನ್ನ ನಂಬಿಕೆ! ‘ನಿಮ್ಮ ಮನೆಯಲ್ಲಿ ಸೈಕಲ್ಲಿದೆಯೇ?’ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದೊಡನೆ ನನ್ನ ಬಾಯಿ ಕಟ್ಟಿತು.

ಇದೆ. ಸರಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಿಂದ, ಎಂಟನೆಯ ತರಗತಿಯಲ್ಲಿದ್ದಾಗ ನನ್ನ ಅಕ್ಕನಿಗೆ ಬಂದದ್ದು. ಅದು ಬಾರದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ‘ಮೈ ಸಿಸ್ಟರ್ ವೆಂಟ್ ಟು ಸ್ಕೂಲ್ ಆನ್ ಇಟ್.’ ಏಳೇ ಶಬ್ದ, ಎಲ್ಲವೂ ನನಗೆ ಬರುತ್ತಿದ್ದವು. ಆದರೂ ಅಕ್ಕನ ಸೈಕಲ್ಲು ಪರೀಕ್ಷೆಗೆ ತಕ್ಕುದಲ್ಲವೆಂದು ಯಾಕೆ ತಿಳಿದೆನೋ!

ನಮ್ಮ ಕಡೆ ಸೈಕಲ್ ‘ಹೊಡೆಯು’ತ್ತೇವೆ. ನಾಲ್ಕನೆಯ ಗೆಳೆಯ ಅದನ್ನೇ ‘ಐ ಬೀಟ್ ಸೈಕಲ್’ ಎಂದ. ನಾವೆಲ್ಲ ನಕ್ಕೆವು, ನಗಬಾರದಿತ್ತು. ಆ ಕೋಣೆಯಲ್ಲಿ ಸ್ವಂತ ಮಾತಾಡಿದವನು ಅವನೊಬ್ಬನೇ. ‘ರೈಡ್’ ಎಂದು ತಿದ್ದಿದರೆ ಮುಗಿಯಿತು. ಗೈಡಿನ ಉತ್ತರದಲ್ಲಿ ತಿದ್ದುವುದಕ್ಕೇನಿದೆ? ಅಧ್ಯಾಪಕರು ಹೆಚ್ಚಿನ ಅಂಕಗಳನ್ನು ಎರಡನೆಯ ಪ್ರಶ್ನೆಗೆ ಇಡಲಿ. ನಾವೂ ಗೈಡನ್ನು ಮುಚ್ಚಿ, ಪಂಕ್ಚರ್ ಅಂಗಡಿಯ ಮುಂದೆ ಕಾಯುವಾಗ ಅಲ್ಲಿ ನಡೆಯುವುದನ್ನೇ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಹೇಳಿ ನೋಡೋಣ.