ಸಮುಯಿ ದ್ವೀಪದ ಆಳವಿಲ್ಲದ ಕಡಲೂ ಅಲ್ಪಾದಾಯದ ಪ್ರವಾಸಿಯೂ

ನಮ್ಮ ಹಿರಿಯರು ಸಯಾಂ ಎಂದು ಕರೆಯುತ್ತಿದ್ದ ಥಾಯ್ಲೆಂಡ್ ದೇಶವು ಈಚಿನ ವರ್ಷಗಳಲ್ಲಿ ಭಾರತದ ಮಧ್ಯಮ ವರ್ಗದವರಿಗೆ ಅತ್ಯಂತ ಸಮೀಪದ ಪರದೇಶವಾಗಿ ಪರಿಣಮಿಸಿದೆ. 2023ರ ನವೆಂಬರ್ 10ರಿಂದ ಆ ದೇಶದ ಸರಕಾರವು ಭಾರತೀಯರಿಗೆ ವೀಸಾದ ಕಟ್ಟಳೆಯನ್ನು ತಾತ್ಕಾಲಿಕವಾಗಿ ಸಡಿಲಿಸಿ 30 ದಿನಗಳ ವಾಸಕ್ಕೆ ಅನುಮತಿಯಿತ್ತಿತು. 2024ರ ಜುಲೈ 15ರಂದು 93 ದೇಶಗಳ ಪ್ರಜೆಗಳಿಗೆ 60 ದಿನಗಳ ಸೌಲಭ್ಯವನ್ನು ಸಾರಿದಾಗ ಭಾರತವೂ ಆ ಪಟ್ಟಿಯಲ್ಲಿ ಸೇರಿತ್ತು. ಫಲವೇನಾಯಿತೆಂದರೆ, 2024ರಲ್ಲಿ ಆ ದೇಶಕ್ಕೆ ಬಂದಿಳಿದ ಮೂರೂವರೆ ಕೋಟಿಗೂ ಮಿಕ್ಕ ವಿದೇಶೀಯರಲ್ಲಿ ಸುಮಾರು 21 ಲಕ್ಷ ಮಂದಿ ಭಾರತೀಯರೇ ಆಗಿದ್ದರು. ಚೀನ ಮತ್ತು ಮಲೇಷಿಯಗಳ ತರುವಾಯ ಮೂರನೆಯ ಸ್ಥಾನ ನಮ್ಮದಾಯಿತು.

ಈ ಔದಾರ್ಯವು ಕೇವಲ ಸ್ನೇಹದಿಂದ ಹುಟ್ಟಿದುದಲ್ಲ. 2019ರಲ್ಲಿ ಹೆಚ್ಚುಕಡಮೆ ನಾಲ್ಕು ಕೋಟಿ ವಿದೇಶೀಯರನ್ನು ಬರಮಾಡಿಕೊಂಡಿದ್ದ ಆ ದೇಶದ ಹೋಟೆಲುಗಳು ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ ಬರಿದಾದುವು. ಆ ಬಳಿಕವೂ ಚೀನೀಯರು ಮೊದಲಿನ ಸಂಖ್ಯೆಯಲ್ಲಿ ಹಿಂದಿರುಗಲಿಲ್ಲ. ಖಾಲಿ ಕೋಣೆಗಳನ್ನು ತುಂಬಿಸಲು ಹೊಸ ಗಿರಾಕಿ ಬೇಕಾಗಿತ್ತು; ಆ ಗಿರಾಕಿ ಭಾರತೀಯನೆಂದು ಅಲ್ಲಿನವರು ಕಂಡುಕೊಂಡರು. ಹೋಟೆಲ್ ಉದ್ಯೋಗದಲ್ಲಿ ಕೈಪಳಗಿದ ನಮ್ಮ ವಾಚಕರಿಗೆ ಈ ವ್ಯಾಪಾರತಂತ್ರವನ್ನು ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಗಲ್ಲೆಯ ಆಚೆ ಬದಿಯಲ್ಲಿ ನಿಂತು ಗಿರಾಕಿಯಾಗುವ ಸಂದರ್ಭ ಒದಗಿದಾಗ, ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಹೆಂಡತಿಮಕ್ಕಳ ಸಂತೋಷಕ್ಕಾಗಿ ವೆಚ್ಚಮಾಡಹೊರಟವನು ಯಾವ ಕಡಲತೀರವನ್ನು ಆಯ್ದುಕೊಳ್ಳಬೇಕು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈಜು ಬಾರದವರೇ ಬಹುಸಂಖ್ಯಾತರಾಗಿರುವ ನಮ್ಮ ಕುಟುಂಬಗಳ ಮಟ್ಟಿಗೆ ಇದು ಹಣದ ಪ್ರಶ್ನೆಯಷ್ಟೇ ಪ್ರಾಣದ ಪ್ರಶ್ನೆಯೂ ಹೌದು.

ಮೊತ್ತಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಥಾಯ್ಲೆಂಡಿಗೆ ಇರುವುದು ಒಂದೇ ಕಡಲಲ್ಲ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ. ಫುಕೆಟ್, ಕ್ರಾಬಿ, ಫಿಫಿ ಮುಂತಾದ ಸ್ಥಳಗಳು ಆ ಬದಿಯಲ್ಲಿವೆ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ. ಸಮುಯಿ, ಫಾಂಗಾನ್, ತಾವ್ ದ್ವೀಪಗಳು ಈ ಬದಿಯಲ್ಲಿವೆ. ಒಂದೇ ದೇಶದ ಈ ಎರಡು ಬದಿಗಳಿಗೆ ಮಳೆಗಾಲ ಮಾತ್ರ ಬೇರೆ ಬೇರೆ. ಮುಂಬಯಿ ಮಂಗಳೂರುಗಳನ್ನು ತೋಯಿಸುವ ನೈಋತ್ಯ ಮಾರುತವೇ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಫುಕೆಟ್ಟಿನ ತೀರಕ್ಕೆ ಬಡಿಯುತ್ತದೆ. ಚೆನ್ನೈಗೆ ಮಳೆ ತರುವ ಈಶಾನ್ಯ ಮಾರುತವೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಮುಯಿಯ ಮೇಲೆ ಸುರಿಯುತ್ತದೆ. ಅಲ್ಲಿ ನವೆಂಬರ್ ತಿಂಗಳು ಅತ್ಯಧಿಕ ಮಳೆಯದು. ಫುಕೆಟ್ಟಿಗೆ ಮುಂಬಯಿಯ ಪಂಚಾಂಗ, ಸಮುಯಿಗೆ ಚೆನ್ನೈಯ ಪಂಚಾಂಗ ಎಂದು ನೆನಪಿಟ್ಟರೆ ಸಾಕು, ಅರ್ಧ ಗೊಂದಲ ಕಳೆಯಿತು.

ಪ್ರವಾಸದ ಜಾಹೀರಾತುಗಳಲ್ಲಿ ಕಾಣುವ 'ಅಗ್ಗ' ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಪರೀಕ್ಷಿಸಿ ನೋಡತಕ್ಕದ್ದು. ಅಗ್ಗದಲ್ಲಿ ಎರಡು ಬಗೆ ಉಂಟು: ಕಾಲದಿಂದ ಬಂದ ಅಗ್ಗ ಒಂದು, ಸ್ಥಳದಿಂದ ಬಂದ ಅಗ್ಗ ಇನ್ನೊಂದು. ನಮ್ಮಲ್ಲಿ ಶಾಲೆಗಳಿಗೆ ರಜೆಯಿರುವ ಮೇ ತಿಂಗಳಲ್ಲಿಯೇ ಅಂಡಮಾನ್ ಬದಿಯ ಹೋಟೆಲುಗಳು ದರವನ್ನು ಇಳಿಸತೊಡಗುತ್ತವೆ. ಕಡಲು ಕೆರಳುವ ಕಾಲ ಬಂತೆಂಬುದೇ ಆ ಇಳಿಕೆಯ ಕಾರಣ. ಆ ತಿಂಗಳುಗಳಲ್ಲಿ ಫುಕೆಟ್ಟಿನ ಪಶ್ಚಿಮ ತೀರದಲ್ಲಿ ಕೆಂಪು ಬಾವುಟಗಳು ಹಾರುತ್ತಿರುತ್ತವೆ. ದಡದಿಂದ ಒಳಕ್ಕೆ ಸೆಳೆದೊಯ್ಯುವ ನೀರಿನ ಹರಿವಿಗೆ ಸಿಕ್ಕಿ ಪ್ರವಾಸಿಗಳು ಸಾಯುವುದು ಅಲ್ಲಿ ಪ್ರತಿವರ್ಷದ ವಾರ್ತೆ. 2018ರ ಜುಲೈ 5ರಂದು, ಹವಾಮಾನದ ಎಚ್ಚರಿಕೆಯಿದ್ದಾಗ್ಯೂ ಹೊರಟಿದ್ದ ಫೀನಿಕ್ಸ್ ಎಂಬ ಪ್ರವಾಸಿ ನೌಕೆ ಫುಕೆಟ್ಟಿನ ಬಳಿ ಮುಳುಗಿ 47 ಮಂದಿ ಚೀನೀಯರು ಅಸುನೀಗಿದುದನ್ನು ಮರೆಯಲಾಗದು. ಕಾಲದಿಂದ ಬಂದ ಅಗ್ಗವನ್ನು ಕೊಳ್ಳುವವನು ಅಪಾಯವನ್ನೂ ಅದರೊಡನೆ ಕೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಸ್ಥಳದಿಂದ ಬಂದ ಅಗ್ಗದ ಮಾತು ಹಾಗಲ್ಲ. ಸಮುಯಿ ದ್ವೀಪವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸೂರಾತ್‌ಥಾನಿ ಪ್ರಾಂತಕ್ಕೆ ಸೇರಿದ ಈ ದ್ವೀಪದ ಸುತ್ತ ಸುಮಾರು 50 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯಿದೆ. ಪೂರ್ವ ದಿಕ್ಕಿನ ಛವೆಂಗ್ ತೀರವು ದೊಡ್ಡ ಹೋಟೆಲುಗಳ, ರಾತ್ರಿಯ ಗದ್ದಲದ ಬೀಡು. ಬೆಲೆಯೂ ಅಲ್ಲಿಯೇ ಹೆಚ್ಚು. ಅದರ ದಕ್ಷಿಣಕ್ಕಿರುವ ಲಮಾಯ್ ತೀರದ ಮಧ್ಯಭಾಗದಲ್ಲಿ ನೀರು ಬೇಗನೆ ಆಳವಾಗುತ್ತದೆ. ಉತ್ತರದ ಮೇನಾಮ್ ಶಾಂತವಾಗಿದ್ದು ಖರ್ಚಿನಲ್ಲಿ ಮಿತವಾದರೂ ಅಲ್ಲಿನ ಮರಳು ದಪ್ಪ, ಇಳಿಜಾರು ಕಡಿದು. ನಾಲ್ಕು ಹೆಜ್ಜೆಗೆ ಎದೆಮಟ್ಟದ ನೀರು ಬಂದೀತು. ಈಶಾನ್ಯದ ಚೊಂಗ್‌ಮೊನ್ ಸಣ್ಣ ಕೊಲ್ಲಿ; ನೀರು ಮೆಲ್ಲಮೆಲ್ಲನೆ ಆಳವಾಗುವುದರಿಂದ ಮಕ್ಕಳಿಗೆ ಒಳ್ಳೆಯದು, ಆದರೆ ಸುತ್ತಣ ಸಿರಿವಂತ ಹೋಟೆಲುಗಳಿಂದಾಗಿ ದರ ಏರಿದೆ. ಪಶ್ಚಿಮದ ಲಿಪಾನೋಯ್ ತೀರದಲ್ಲಿಯಾದರೋ ನಯವಾದ ಮರಳಿನ ಮೇಲೆ ಬಹುದೂರದವರೆಗೆ ಮೊಣಕಾಲು ಸೊಂಟಗಳ ಮಟ್ಟದ ನೀರೇ ಇರುತ್ತದೆ. ಜನಸಂದಣಿಯೂ ಕಡಮೆ, ಬಾಡಿಗೆಯೂ ಪೂರ್ವತೀರಕ್ಕಿಂತ ಸಾಮಾನ್ಯವಾಗಿ ಕಡಮೆ.

ಲಿಪಾನೋಯ್‌ನಂತಹ ತೀರ ಅಗ್ಗವಾಗಲು ಕಾರಣಗಳಿವೆ. ಅದು ವಿಮಾನ ನಿಲ್ದಾಣಕ್ಕೂ ಪೇಟೆಗೂ ದೂರ. ಅದಕ್ಕಿಂತ ಮುಖ್ಯವಾಗಿ, ಈಜಲು ಬರುವ ಯೂರೋಪಿಯನನಿಗೆ ಆಳವಿಲ್ಲದ ನೀರು ನಿರುಪಯೋಗಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸಮುಯಿಯಲ್ಲಿ ಹಗಲು ಹೊತ್ತಿನಲ್ಲಿಯೇ ಹೆಚ್ಚಾಗಿ ಇಳಿತ ಬರುತ್ತದೆ. ಆಗ ಪಶ್ಚಿಮ ಮತ್ತು ಉತ್ತರದ ಕೆಲವು ತೀರಗಳಲ್ಲಿ ಕಡಲು ಹಿಂದೆ ಸರಿದು ಬರಿಯ ಮರಳೂ ಕಲ್ಲೂ ಗೋಚರಿಸುತ್ತವೆ. ಹಣ ತೆತ್ತು ಬಂದವನಿಗೆ ಕಡಲೇ ಕಾಣದಿದ್ದರೆ ಅವನು ಕೋಪಗೊಳ್ಳುವುದು ಸಹಜ. ಆದರೆ ಈಜು ಬಾರದ ತಾಯಿಗೂ ಆರು ವರ್ಷದ ಕೂಸಿಗೂ ಈ ದೋಷವೇ ಗುಣ. ಇತರರು ಬೇಡವೆಂದು ಬಿಟ್ಟುದು ನಮಗೆ ಬೇಕಾದುದೇ ಆಗಿರುವಾಗ, ಅದರ ಕಡಮೆ ಬೆಲೆಯಲ್ಲಿ ಮೋಸವಿಲ್ಲ. ಉಬ್ಬರ ಇಳಿತಗಳ ಪಟ್ಟಿಯನ್ನು ಮುಂಚಿತವಾಗಿ ನೋಡಿಕೊಂಡು, ನೀರಿರುವ ಹೊತ್ತಿಗೆ ಕಡಲಿಗಿಳಿದು ಉಳಿದ ಹೊತ್ತು ಊರು ನೋಡುವುದು ವಿವೇಕ. ಡಿಸೆಂಬರ್ ಜನವರಿಗಳಲ್ಲಿ ಈಶಾನ್ಯದ ಗಾಳಿ ಪೂರ್ವತೀರವನ್ನು ಅಲ್ಲೋಲಕಲ್ಲೋಲ ಮಾಡುವಾಗಲೂ ದ್ವೀಪದ ಬೆಟ್ಟಗಳ ಮರೆಯಲ್ಲಿರುವ ಪಶ್ಚಿಮತೀರ ಬಹುಮಟ್ಟಿಗೆ ಶಾಂತವಾಗಿರುತ್ತದೆ. ಒಟ್ಟಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲ ಈ ದ್ವೀಪಕ್ಕೆ ಅತ್ಯಂತ ಪ್ರಶಸ್ತವಾದುದು.

ಹೀಗೆಂದ ಮಾತ್ರಕ್ಕೆ ಆಳವಿಲ್ಲದ ನೀರು ನಿರಪಾಯವೆಂದು ಭ್ರಮಿಸಬಾರದು. ಬಾಕ್ಸ್ ಜೆಲ್ಲಿಫಿಶ್ ಎಂಬ ಪಾರದರ್ಶಕವಾದ ವಿಷದ ಲೋಳೆಜೀವಿ ದಡದ ಸಮೀಪದ ತೆಳುನೀರಿಗೇ ಬರುತ್ತದೆ. 2014ರಲ್ಲಿ ಫಾಂಗಾನ್ ದ್ವೀಪದಲ್ಲಿ ಒಂದು ಫ್ರೆಂಚ್ ಮಗುವೂ 2015ರಲ್ಲಿ ಸಮುಯಿಯಲ್ಲಿ ಒಬ್ಬ ಜರ್ಮನ್ ತರುಣಿಯೂ ಇದರ ಸೋಂಕಿನಿಂದ ಮೃತಪಟ್ಟರು. ಆ ಬಳಿಕ ಹಲವು ತೀರಗಳಲ್ಲಿ ವಿನಿಗರ್ ತುಂಬಿದ ಸೀಸೆಗಳನ್ನು ಕಂಬಗಳಿಗೆ ಸಿಕ್ಕಿಸಿಟ್ಟಿದ್ದಾರೆ. ಕುಟುಕಿದೊಡನೆ ಉಜ್ಜದೆ, ಸಿಹಿನೀರಿನಿಂದ ತೊಳೆಯದೆ, ಅರ್ಧ ನಿಮಿಷಕ್ಕೆ ಕಡಮೆಯಿಲ್ಲದಂತೆ ವಿನಿಗರ್ ಹೊಯ್ದು ವೈದ್ಯರಲ್ಲಿಗೆ ಒಯ್ಯಬೇಕು. ಮಕ್ಕಳಿಗೆ ಮೈಮುಚ್ಚುವ ಉಡುಪು ತೊಡಿಸಿ ನೀರಿಗಿಳಿಸುವುದು ಇನ್ನೂ ಲೇಸು. ಸೊಂಟಮಟ್ಟದ ನೀರಿನಲ್ಲಿಯೂ ಮಗುವಿನ ಮೇಲಣ ಕಣ್ಣನ್ನು ತೆಗೆಯಬಾರದೆಂಬುದನ್ನು ನಾವು ಪರದೇಶದಿಂದ ಕಲಿಯಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ನಮ್ಮ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಿಕೆಯರು ನೀರುಪಾಲಾದರು. ಬಯಲುಸೀಮೆಯಿಂದ ಬಂದ ಆ ಮಕ್ಕಳಿಗೆ ಕಡಲಿನ ಸ್ವಭಾವ ತಿಳಿದಿರಲಿಲ್ಲ. ಪಟ್ಟಣದ ಕೊಠಡಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಅದು ತಿಳಿದಿಲ್ಲ.

ಇನ್ನು ವೆಚ್ಚದ ಮಾತು. ಸಮುಯಿಯ ವಿಮಾನ ನಿಲ್ದಾಣವನ್ನು ಬ್ಯಾಂಕಾಕ್ ಏರ್‌ವೇಸ್ ಎಂಬ ಖಾಸಗಿ ಸಂಸ್ಥೆಯೇ ಕಟ್ಟಿಸಿ 1989ರಲ್ಲಿ ತೆರೆಯಿತು. ನಿಲ್ದಾಣದ ಒಡೆತನವೂ ವಿಮಾನದ ಒಡೆತನವೂ ಒಂದೇ ಕೈಯಲ್ಲಿರುವುದರಿಂದ ಆ ಮಾರ್ಗದ ಟಿಕೆಟು ದುಬಾರಿ. ಮಿತವ್ಯಯಿಗೆ ಬೇರೆ ದಾರಿಯುಂಟು. ಬ್ಯಾಂಕಾಕಿನಿಂದ ರಾತ್ರಿಯ ರೈಲಿನಲ್ಲಾಗಲಿ ಅಗ್ಗದ ವಿಮಾನದಲ್ಲಾಗಲಿ ಸೂರಾತ್‌ಥಾನಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಡೊನ್ಸಾಕ್ ಬಂದರನ್ನು ಸೇರಿ, ವಾಹನಗಳನ್ನೂ ಸಾಗಿಸುವ ದೊಡ್ಡ ನಾವೆಯಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ದ್ವೀಪವನ್ನು ತಲಪಬಹುದು. ಈ ನಾವೆಗಳಲ್ಲಿ ಕೆಲವು ಬಂದು ನಿಲ್ಲುವುದು ಲಿಪಾನೋಯ್ ಬಳಿಯಲ್ಲಿಯೇ ಎಂಬುದು ಅನುಕೂಲದ ಸಂಗತಿ. ಆದರೆ ಕೋಣೆ ಅಗ್ಗವೆಂದು ಮೂಲೆಯ ತೀರದಲ್ಲಿ ಇಳಿದುಕೊಂಡು ದಿನವೂ ಟ್ಯಾಕ್ಸಿಯಲ್ಲಿ ಪೇಟೆಗೆ ಓಡಾಡಿದರೆ ಉಳಿಸಿದ ಹಣ ದಾರಿಯಲ್ಲಿ ಸೋರಿಹೋಗುತ್ತದೆ. ಕೋಣೆಯ ಬಾಡಿಗೆ, ಊಟ, ಓಡಾಟ ಈ ಮೂರನ್ನೂ ಕೂಡಿಸಿ ದಿನದ ಖರ್ಚನ್ನು ಲೆಕ್ಕಹಾಕಬೇಕು. ನಡಿಗೆಯ ದೂರದಲ್ಲಿ ಊಟದ ಅಂಗಡಿಯಿದೆಯೇ ಎಂದು ಮೊದಲೇ ವಿಚಾರಿಸಬೇಕು. ಸಸ್ಯಾಹಾರಿಗಳು 'ಜೇ' ಎಂಬ ಮಾತನ್ನು ಕಲಿತಿರುವುದು ಅಗತ್ಯ; ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಗಳಲ್ಲಿ ಮೀನಿನ ರಸವನ್ನೂ ಬಳಸುವುದಿಲ್ಲ.

ದ್ವೀಪದ ದರಗಳು ಈಚೆಗೆ ಏರಿರುವುದಕ್ಕೆ ಸಿನಿಮಾದ ಪ್ರಭಾವವೂ ಇದೆ. 'ದಿ ವೈಟ್ ಲೋಟಸ್' ಎಂಬ ಅಮೆರಿಕದ ಧಾರಾವಾಹಿಯ ಮೂರನೆಯ ಕಂತು ಸಮುಯಿಯಲ್ಲಿ ಚಿತ್ರಿತವಾಗಿ 2025ರ ಫೆಬ್ರವರಿಯಿಂದ ಪ್ರದರ್ಶಿತವಾದ ಮೇಲೆ ಸಿರಿವಂತರ ಕಣ್ಣು ಆ ದ್ವೀಪದ ಮೇಲೆ ಬಿದ್ದಿದೆ. ಇದರ ಲಾಭ ದುಡಿಯುವವರಿಗೆ ಎಷ್ಟು ಮುಟ್ಟಿತೆಂಬುದು ನಮ್ಮ ವಾಚಕರು ಸಹಜವಾಗಿಯೇ ಕೇಳುವ ಪ್ರಶ್ನೆ. 2025ರ ಜನವರಿ 1ರಿಂದ ಥಾಯ್ ಸರಕಾರವು ನಾಲ್ಕು ಪ್ರಾಂತಗಳಲ್ಲಿಯೂ ಸಮುಯಿ ತಾಲ್ಲೂಕಿನಲ್ಲಿಯೂ ಕನಿಷ್ಠ ದಿನಗೂಲಿಯನ್ನು 400 ಬಾಹ್ತ್‌ಗೆ, ಅಂದರೆ ಸುಮಾರು ಸಾವಿರ ರೂಪಾಯಿಗೆ, ಏರಿಸಿತು. ಒಂದು ಇಡೀ ಪ್ರಾಂತಕ್ಕೆ ಇಲ್ಲದ ದರವನ್ನು ಆ ಒಂದು ದ್ವೀಪಕ್ಕೆ ಗೊತ್ತುಪಡಿಸಿದುದೇ ಅಲ್ಲಿನ ಜೀವನವೆಚ್ಚ ಎಷ್ಟೆಂಬುದನ್ನು ಸಾರುತ್ತದೆ. ಅಲ್ಲಿ ಪಾತ್ರೆ ತೊಳೆಯುವವರೂ ಹಾಸಿಗೆ ಹಾಸುವವರೂ ಬಹುಮಟ್ಟಿಗೆ ಈಶಾನ್ಯ ಥಾಯ್ಲೆಂಡಿನ ಬಡ ಜಿಲ್ಲೆಗಳಿಂದಲೂ ನೆರೆಯ ಬರ್ಮಾದಿಂದಲೂ ಹೊಟ್ಟೆಪಾಡಿಗಾಗಿ ಬಂದವರು. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಇತರರಿಗೆ ಬಡಿಸುವ ಬಾಳು ಎಂತಹದೆಂಬುದನ್ನು ಬಲ್ಲ ನಮ್ಮವರು, ಗಿರಾಕಿಯಾಗಿ ಕುಳಿತಾಗ ಅವರೊಡನೆ ಸೌಜನ್ಯದಿಂದ ವರ್ತಿಸುವರೆಂದು ನಂಬಿದ್ದೇವೆ. ಕುಡಿಯುವ ನೀರಿನ ಅಭಾವ ಆ ದ್ವೀಪಕ್ಕೆ ಹೊಸದಲ್ಲ; ಸಮುದ್ರದ ತಳದಲ್ಲಿ ಕೊಳವೆ ಹಾಕಿ ಮುಖ್ಯಭೂಮಿಯಿಂದ ನೀರು ತರುತ್ತಿದ್ದಾರೆ. ಆದಕಾರಣ ನೀರನ್ನು ಹಿತಮಿತವಾಗಿ ಬಳಸುವುದೂ ಅತಿಥಿಯ ಧರ್ಮ.

ಇನ್ನೊಂದು ಸಂಗತಿ ಅಲ್ಪಾದಾಯದವರಿಗೆ ಧೈರ್ಯ ಕೊಡುವಂತಹದು. ಥಾಯ್ ಕಾನೂನಿನ ಪ್ರಕಾರ ಕಡಲತೀರವು ಸಾರ್ವಜನಿಕ ಸ್ವತ್ತು. ಎಷ್ಟೇ ದೊಡ್ಡ ಹೋಟೆಲಿನವನಾದರೂ ಮರಳಿಗೆ ಒಡೆಯನಲ್ಲ. 2014ರಲ್ಲಿ ಸೈನ್ಯಾಡಳಿತ ಬಂದಾಗ ಫುಕೆಟ್ಟಿನ ತೀರಗಳನ್ನು ಆಕ್ರಮಿಸಿಕೊಂಡಿದ್ದ ಬಾಡಿಗೆ ಕುರ್ಚಿಗಳನ್ನೂ ಕೊಡೆಗಳನ್ನೂ ತೆರವು ಮಾಡಿಸಲಾಯಿತು. ಹೀಗಿರುವಾಗ ಕಡಲಿಗೆ ಮುಖಮಾಡಿದ ಕೋಣೆಗೆ ಹೆಚ್ಚು ತೆರುವ ಬದಲು, ರಸ್ತೆಯ ಆಚೆ ಬದಿಯ ಸಾಧಾರಣ ಕೋಣೆಯಲ್ಲಿ ಇಳಿದು ಅದೇ ಮರಳಿನ ಮೇಲೆ ಕುಳಿತು ಅದೇ ಸೂರ್ಯಾಸ್ತವನ್ನು ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕೊನೆಯದಾಗಿ ಕಾಗದಪತ್ರಗಳ ವಿಷಯ. 60 ದಿನಗಳ ಅವಧಿಯನ್ನು ಮೊಟಕುಗೊಳಿಸುವ ಮಾತು 2025ರಲ್ಲಿಯೇ ಅಲ್ಲಿ ನಡೆದಿತ್ತು. ಇಂತಹ ರಿಯಾಯಿತಿಗಳು ಸರಕಾರದ ಅಗತ್ಯದೊಡನೆ ಬಂದು ಅಗತ್ಯದೊಡನೆ ಹೋಗತಕ್ಕವು. ಆದುದರಿಂದ ಏಜೆಂಟನ ಬಾಯಿಮಾತನ್ನು ನೆಚ್ಚದೆ, ಹಣ ಕಟ್ಟುವ ಮುನ್ನವೇ ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಿಕೊಳ್ಳಬೇಕು. 2025ರ ಮೇ 1ರಿಂದ ಆಗಮನ ಪತ್ರವನ್ನು ಮುಂಚಿತವಾಗಿ ಅಂತರ್ಜಾಲದ ಮೂಲಕ ತುಂಬುವ ಕ್ರಮ ಜಾರಿಗೆ ಬಂದಿತು. ಅದಕ್ಕೆ ಶುಲ್ಕವಿಲ್ಲ, ಶುಲ್ಕ ಕೇಳುವವನು ವಂಚಕನೆಂದೇ ತಿಳಿಯತಕ್ಕದ್ದು.

ಕಡಲು ನೋಡುವುದು ಸಿರಿವಂತರ ಹಕ್ಕು ಮಾತ್ರವಲ್ಲ. ಆದರೆ ಸಿರಿವಂತನ ತಪ್ಪು ಲೆಕ್ಕವನ್ನು ಅವನ ಹಣವೇ ಸರಿಪಡಿಸುತ್ತದೆ. ನಮ್ಮ ತಪ್ಪು ಲೆಕ್ಕವನ್ನು ಸರಿಪಡಿಸುವವರಿಲ್ಲ. ಮೊದಲು ತಿಂಗಳನ್ನು ನೋಡಿ, ಆಮೇಲೆ ಕಡಲಿನ ಬದಿಯನ್ನು, ಅನಂತರ ನೀರಿನ ಆಳವನ್ನು, ಎಲ್ಲಕ್ಕೂ ಕಡೆಯಲ್ಲಿ ಕೋಣೆಯ ದರವನ್ನು ನೋಡುವುದೇ ಸರಿಯಾದ ಕ್ರಮ. ಜಾಹೀರಾತುಗಳು ಈ ಕ್ರಮವನ್ನು ತಲೆಕೆಳಗು ಮಾಡಿ ದರವನ್ನೇ ಮೊದಲು ತೋರಿಸುತ್ತವೆ. ಹೊರಡಲಿರುವ ನಮ್ಮ ವಾಚಕರು ಆ ಬಲೆಗೆ ಬೀಳದಿರಲಿ ಎಂದು ಹಾರೈಸುತ್ತೇವೆ.