ವಕೀಲರೆಂದರೆ ಯಾಕಿಷ್ಟು ಭಯ?



ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಈ ಗಾದೆ ನಮ್ಮ ಸೂಟ್‌ಕೇಸಿನಲ್ಲೇ ಇಂಗ್ಲೆಂಡಿಗೂ ಬಂದುಬಿಟ್ಟಿದೆ!

ನನ್ನ ಸ್ನೇಹಿತರೊಬ್ಬರು ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವಾಗ ಕಾರು ಗುದ್ದಿ ಮಂಡಿಗೆ ಪೆಟ್ಟಾಯಿತು. "ಕೋರ್ಟು ಕಚೇರಿ ಯಾಕೆ, ಬಿಡಿ" ಅಂದರು. ನಾಲ್ಕು ವರ್ಷದ ಮೇಲೆ ನೋವು ಹೆಚ್ಚಾಗಿ ವಿಚಾರಿಸಿದರೆ ಕಾಲ ಮೀರಿತ್ತು. 1980ರ ಲಿಮಿಟೇಷನ್ ಆಕ್ಟ್ ಪ್ರಕಾರ ಗಾಯದ ಪರಿಹಾರಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರೇ ವರ್ಷ. ಮಕ್ಕಳಿಗಾದರೆ 18 ತುಂಬಿದ ಮೇಲೆ ಮೂರು ವರ್ಷ.

ಒಂದೇ ಅಪಘಾತದಿಂದ ಎರಡು ಕೇಸು ಹುಟ್ಟಬಹುದು. ಚಾಲಕನ ಮೇಲಿನ ಕ್ರಿಮಿನಲ್ ಕೇಸು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸಿನಲ್ಲಿ "ಹೀಗಾಗಿರುವ ಸಂಭವವೇ ಹೆಚ್ಚು" ಎಂದು ತೋರಿಸಿದರೆ ಸಾಕು. ಮೊದಲನೆಯದರಲ್ಲಿ ಅಪರಾಧಿ ಎಂದಾದರೆ ಆ ತೀರ್ಪು ಎರಡನೆಯದರಲ್ಲಿ ಸಾಕ್ಷ್ಯವಾಗುತ್ತದೆ. ಎರಡೂ ಬಗೆಯ ಕೇಸು ವಾದಿಸುವ ಬ್ಯಾರಿಸ್ಟರ್‌ಗಳಿಗೆ ಈ ಕೊಂಡಿ ಚೆನ್ನಾಗಿ ಗೊತ್ತು.

ಪೊಲೀಸ್ ಠಾಣೆಯ ವಿಷಯದಲ್ಲೂ ನಮ್ಮದು ಅದೇ ಹಿಂಜರಿಕೆ. "ತಪ್ಪೇ ಮಾಡಿಲ್ಲ, ವಕೀಲರ‍್ಯಾಕೆ?" ಅನ್ನುತ್ತೇವೆ. ತಪ್ಪು ಮಾಡದವರಿಗೇ ವಕೀಲರು ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಠಾಣೆಯಲ್ಲಿ ವಿಚಾರಣೆಗೆ ಕೂರಿಸಿದಾಗ, ನಿಮ್ಮ ಸಂಬಳ ಎಷ್ಟೇ ಇರಲಿ, ಸಾಲಿಸಿಟರ್ ಸಲಹೆ ಪುಕ್ಕಟೆ. "ಬೇಗ ಮುಗಿದರೆ ಸಾಕು" ಎಂದು ಪೊಲೀಸ್ ಕಾಷನ್‌ಗೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತೆ. ಅದು ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಪೌರತ್ವದ ಅರ್ಜಿಯಲ್ಲೂ ತಿಳಿಸಬೇಕಾಗುತ್ತದೆ.

ಜ್ವರ ಬಂದರೆ ಜಿಪಿ ಹತ್ತಿರ ಹೋಗಲು ನಾಚುತ್ತೇವೆಯೇ? ವಕೀಲರನ್ನು ಕೇಳುವುದೂ ಅಷ್ಟೇ. ಅದು ಜಗಳಗಂಟತನವಲ್ಲ. ನೀವೇನಂತೀರಿ?